ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಮುನ್ನೋಟ ಬರೆಯುವುದು ಹೇಗೆ: ಹೆಸರುಗಳಿಗಿಂತ ಮೊದಲು 200 ನಿಮಿಷಗಳ ಲೆಕ್ಕ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರ್ ಮೊದಲ ವಾರ ಶುರುವಾಗುತ್ತದೆ. ಅದಕ್ಕೆ ಮುಂಚಿನ ಎರಡು ತಿಂಗಳು ಮುನ್ನೋಟಗಳ ಸುಗ್ಗಿ. ಅಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು, ಅಲ್ಲೇ ನೆಲೆಸಿರುವ ಕನ್ನಡಿಗರು ತಮ್ಮ ಯೂನಿವರ್ಸಿಟಿ ತಂಡದ ಬಗ್ಗೆ ಉತ್ಸಾಹದಿಂದ ಬರೆಯುತ್ತಾರೆ. ಎಡವುವುದು ಮಾತ್ರ ಪ್ರತಿ ವರ್ಷ ಒಂದೇ ಜಾಗದಲ್ಲಿ. ಹದಿಮೂರು ಹೆಸರು, ಒಬ್ಬೊಬ್ಬರಿಗೆ ಎರಡು ಸಾಲು ಹೊಗಳಿಕೆ, ಕಳೆದ ವರ್ಷದ ಸರಾಸರಿ ಅಂಕ, ಕೊನೆಗೆ ‘ಈ ಬಾರಿ ತಂಡ ಬಲಿಷ್ಠವಾಗಿದೆ’. ಆ ಸರಾಸರಿಗಳನ್ನೆಲ್ಲ ಕೂಡಿಸಿ ನೋಡಿದರೆ ತಂಡ ಪ್ರತಿ ಪಂದ್ಯದಲ್ಲೂ 120 ಅಂಕ ಗಳಿಸಬೇಕಾಗುತ್ತದೆ. ಅದು ಆಗುವ ಮಾತಲ್ಲ.

ಐಪಿಎಲ್ ಹರಾಜು ಮುಗಿದ ಮೇಲೆ ತಂಡಗಳನ್ನು ತೂಗಿ ನೋಡುವ ಅಭ್ಯಾಸ ನಮಗಿದೆ. ಅದೇ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ. ಅಲ್ಲಿ ಹನ್ನೊಂದು ಮಂದಿಗೂ ಜಾಗವಿದೆ, ಸರದಿಯಿದೆ. ಇಲ್ಲಿ ಅಂಗಳದಲ್ಲಿ ಐವರು, ಚೆಂಡು ಒಂದೇ, 40 ನಿಮಿಷದ ಪಂದ್ಯಕ್ಕೆ ಹಂಚಲು ಇರುವುದು ಒಟ್ಟು 200 ನಿಮಿಷ. ಹೊಸಬನೊಬ್ಬ ಬಂದರೆ ಅವನ ನಿಮಿಷಗಳು ಇನ್ನೊಬ್ಬನ ಪಾಲಿನಿಂದಲೇ ಬರಬೇಕು.

ಉದಾಹರಣೆಗೆ ಒಂದು ತಂಡವನ್ನು ಹಿಡಿದುಕೊಂಡೇ ಹೋಗೋಣ: 2024-25ರ ಕನೆಕ್ಟಿಕಟ್ ಪುರುಷರ ತಂಡ, ಎಲ್ಲರ ಬಾಯಲ್ಲಿ ‘ಯೂಕಾನ್’. 2023 ಮತ್ತು 2024ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ತಂಡ ಅದು. ಋತುವಿಗೆ ಮುಂಚಿನ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯಲ್ಲಿ 3ನೇ ಸ್ಥಾನ ಸಿಕ್ಕಿತ್ತು. ಕೊನೆಗೆ ಏನಾಯಿತು ಎಂಬುದು ಈಗ ಎಲ್ಲರಿಗೂ ಗೊತ್ತಿರುವುದರಿಂದ, ಅಂದು ಬರೆದವರು ಯಾವ ಪ್ರಶ್ನೆ ಕೇಳಬೇಕಿತ್ತು ಎಂದು ನಿಧಾನವಾಗಿ ನೋಡಬಹುದು.

ಕೈಗೆ ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್ ಬೇಕೇ ಬೇಕು. ನೆನಪಿನ ಮೇಲೆ ಬರೆದ ಮುನ್ನೋಟಕ್ಕೂ ಕಾಲಂ ಹಾಕಿ ಬರೆದ ಮುನ್ನೋಟಕ್ಕೂ ಇರುವ ವ್ಯತ್ಯಾಸ ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತದೆ.

ಆಟಗಾರರ ಪಟ್ಟಿಯನ್ನು ಯೂನಿವರ್ಸಿಟಿಯ ಅಧಿಕೃತ ಕ್ರೀಡಾ ತಾಣದಿಂದಲೇ ತೆಗೆದುಕೊಳ್ಳಿ. ಹಳೆಯ ಅಂಕಿಗಳಿಗೆ ಸ್ಪೋರ್ಟ್ಸ್ ರೆಫರೆನ್ಸ್‌ನ ಕಾಲೇಜು ಬ್ಯಾಸ್ಕೆಟ್‌ಬಾಲ್ ವಿಭಾಗ ಸಾಕು. ಎದುರಾಳಿಯ ಮಟ್ಟಕ್ಕೆ ಹೊಂದಿಸಿದ ಅಂಕಿಗಳು ಬೇಕೆಂದರೆ ಕೆನ್ ಪೊಮೆರಾಯ್ ಅವರ ಕೆನ್‌ಪಾಮ್ (ಚಂದಾ ಕಟ್ಟಬೇಕು) ಅಥವಾ ಬಾರ್ಟ್ ಟಾರ್ವಿಕ್ ಅವರ ಟಿ-ರ‍್ಯಾಂಕ್ (ಉಚಿತ) ನೋಡಿ. ಟಾರ್ವಿಕ್‌ನಲ್ಲಿ ದಿನಾಂಕದ ಪ್ರಕಾರ, ಎದುರಾಳಿಯ ಬಲದ ಪ್ರಕಾರ ಸೋಸುವ ಸೌಲಭ್ಯವಿದೆ. ನಾಲ್ಕನೇ ಹಂತದಲ್ಲಿ ಅದೇ ನಿಮ್ಮ ಮುಖ್ಯ ಅಸ್ತ್ರ.

ಕಾಲಂಗಳು ಇಷ್ಟಿರಲಿ: ಹೆಸರು, ಎಷ್ಟನೇ ವರ್ಷ, ಎತ್ತರ, ಸ್ಥಾನ, ಆಡಿದ ಪಂದ್ಯ, ಪಂದ್ಯಕ್ಕೆ ನಿಮಿಷ, ಯೂಸೇಜ್ (ವಿವರ ಹಂತ 6ರಲ್ಲಿ), ಹೊಡೆತದ ನಿಖರತೆ, ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್), ಟರ್ನೋವರ್ (ಎದುರಾಳಿಗೆ ಚೆಂಡು ಕಳೆದುಕೊಳ್ಳುವುದು), ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು, ದಾಳಿಯದು ಮತ್ತು ರಕ್ಷಣೆಯದು ಎರಡೂ), ಫೌಲ್. ‘ಪಂದ್ಯಕ್ಕೆ ಸರಾಸರಿ ಅಂಕ’ ಎಂಬ ಕಾಲಂ ಬೇಡ. ಅದು ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ.

ಹಂತ 1: ಕಾಲ ನೋಡಿ ಶುರು ಮಾಡಿ

ಏಪ್ರಿಲ್‌ನಲ್ಲಿ ಬರೆದ ಮುನ್ನೋಟ ಜೂನ್‌ಗೆ ಹಳಸುತ್ತದೆ. ರಾಷ್ಟ್ರೀಯ ಟೂರ್ನಿಯ ಫೈನಲ್ ಏಪ್ರಿಲ್ ಮೊದಲ ಭಾಗದಲ್ಲಿ ಮುಗಿಯುತ್ತದೆ. ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ) ವಸಂತದಲ್ಲಿ ತೆರೆಯುತ್ತದೆ, ಅದರ ದಿನಾಂಕಗಳನ್ನು ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಆಗಾಗ ಬದಲಿಸುತ್ತಿರುವುದರಿಂದ ಆ ವರ್ಷದ ಪ್ರಕಟಣೆಯನ್ನೇ ನೋಡಿ. ಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ಲೀಗ್‌ನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಹೆಸರು ಕೊಟ್ಟ ಆಟಗಾರರು ಕಾಲೇಜಿಗೆ ಮರಳಬೇಕೆಂದರೆ ಸಾಮಾನ್ಯವಾಗಿ ಮೇ ಕೊನೆಯೊಳಗೆ ಹೆಸರು ಹಿಂಪಡೆಯಬೇಕು. ಡ್ರಾಫ್ಟ್ ನಡೆಯುವುದು ಜೂನ್ ಕೊನೆಗೆ.

ಯೂಕಾನ್ ವಿಷಯದಲ್ಲಿ ಅಲೆಕ್ಸ್ ಕರಬನ್ ಡ್ರಾಫ್ಟ್‌ಗೆ ಹೆಸರು ಕೊಟ್ಟು ಮೇ ಕೊನೆಯಲ್ಲಿ ಹಿಂದೆ ಬಂದರು. ಕೋಚ್ ಡ್ಯಾನ್ ಹರ್ಲಿಗೆ ಲಾಸ್ ಏಂಜಲೀಸ್ ಲೇಕರ್ಸ್‌ನಿಂದ ಕರೆ ಬಂದಿತ್ತು, ಅವರು ಒಲ್ಲೆ ಎಂದದ್ದು ಜೂನ್‌ನಲ್ಲಿ. ಈ ಎರಡರಲ್ಲಿ ಒಂದು ತಿರುಗಿಬಿದ್ದಿದ್ದರೂ ಮೇ ತಿಂಗಳಲ್ಲಿ ಬರೆದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕಿತ್ತು. ಆದ್ದರಿಂದ ಕಾಲಂ ತುಂಬುವ ಕೆಲಸ ಜೂನ್‌ನಲ್ಲಿ, ಲೆಕ್ಕ ಆಗಸ್ಟ್‌ನಲ್ಲಿ, ಬರವಣಿಗೆ ಅಕ್ಟೋಬರ್‌ನಲ್ಲಿ.

ಎಚ್ಚರಿಕೆ: ಆಟಗಾರ ‘ಬರುತ್ತೇನೆ’ ಎಂದು ಘೋಷಿಸುವುದು ಒಂದು, ಸಹಿ ಹಾಕಿ ಕ್ಯಾಂಪಸ್‌ಗೆ ಬಂದು ತರಗತಿಗೆ ಸೇರುವುದು ಇನ್ನೊಂದು. ಹೈಸ್ಕೂಲ್ ಆಟಗಾರರು ಹಿಂದೆಲ್ಲ ಸಹಿ ಮಾಡುತ್ತಿದ್ದ ರಾಷ್ಟ್ರೀಯ ಒಪ್ಪಿಗೆ ಪತ್ರದ ವ್ಯವಸ್ಥೆಯನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಡಲಾಯಿತು, ಈಗ ಆಯಾ ಯೂನಿವರ್ಸಿಟಿಯ ಆರ್ಥಿಕ ನೆರವಿನ ಒಪ್ಪಂದವೇ ದಾಖಲೆ. ಅಧಿಕೃತ ಪಟ್ಟಿಯಲ್ಲಿ ಹೆಸರು ಬರುವವರೆಗೆ ಅವನ ಸಾಲಿಗೆ ಹಳದಿ ಬಣ್ಣ ಬಳಿದಿಡಿ.

ಹಂತ 2: ಹೋದವರಿಂದ ಶುರು ಮಾಡಿ

ಎಲ್ಲರೂ ಹೊಸಬರಿಂದ ಶುರು ಮಾಡುತ್ತಾರೆ. ಮೊದಲ ತಪ್ಪು ಅಲ್ಲೇ. ಹೋದವರು ಯಾವ ಕೆಲಸ ಮಾಡುತ್ತಿದ್ದರು ಎಂದು ಬರೆದುಕೊಳ್ಳದೆ, ಬಂದವರು ಆ ಜಾಗ ತುಂಬುತ್ತಾರೋ ಇಲ್ಲವೋ ಎಂದು ಹೇಗೆ ಹೇಳುತ್ತೀರಿ?

37 ಗೆದ್ದು 3 ಸೋತ 2023-24ರ ಯೂಕಾನ್ ತಂಡದಿಂದ ಹೋದ ಪ್ರಮುಖರು ನಾಲ್ವರು, ನಾಲ್ವರೂ ಆರಂಭಿಕ ಐವರಲ್ಲಿದ್ದವರು. ಟ್ರಿಸ್ಟನ್ ನ್ಯೂಟನ್, ಕ್ಯಾಮ್ ಸ್ಪೆನ್ಸರ್, ಸ್ಟೆಫಾನ್ ಕಾಸಲ್, ಡೊನೊವನ್ ಕ್ಲಿಂಗನ್. ಕಾಸಲ್ ಡ್ರಾಫ್ಟ್‌ನಲ್ಲಿ 4ನೆಯವರಾಗಿ, ಕ್ಲಿಂಗನ್ 7ನೆಯವರಾಗಿ ಹೋದರು, ನ್ಯೂಟನ್ ಮತ್ತು ಸ್ಪೆನ್ಸರ್ ಎರಡನೇ ಸುತ್ತಿನಲ್ಲಿ. ಒಟ್ಟು ಆಟದ ನಿಮಿಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರೊಂದಿಗೆ ಹೋಯಿತು.

ಪ್ರತಿಯೊಬ್ಬರ ಎದುರು ಅವರ ಕೆಲಸ ಬರೆಯಿರಿ. ನ್ಯೂಟನ್ ಪಂದ್ಯಕ್ಕೆ 15ರಷ್ಟು ಅಂಕ ಗಳಿಸುತ್ತಿದ್ದರು ಎಂಬುದನ್ನು ಎಲ್ಲರೂ ಬರೆದರು. ಅವರದೇ 6.2 ಅಸಿಸ್ಟ್ ಮತ್ತು ಗಾರ್ಡ್ (ಬುಟ್ಟಿಯಿಂದ ದೂರದಲ್ಲಿ ಆಡುವ, ಚೆಂಡು ನಡೆಸುವ ಆಟಗಾರ) ಆಗಿದ್ದೂ 6.6 ರೀಬೌಂಡ್ ಎಂಬುದು ಎಷ್ಟೋ ಮುನ್ನೋಟಗಳಲ್ಲಿ ಇರಲಿಲ್ಲ. ಸ್ಪೆನ್ಸರ್ ಮೂರು ಅಂಕದ ಗೆರೆಯಾಚೆಯಿಂದ ಶೇ 44ರಷ್ಟು ಗುರಿ ಮುಟ್ಟಿಸುತ್ತಿದ್ದರು, ಅಂದರೆ ಎದುರಾಳಿ ಅವರನ್ನು ಬಿಟ್ಟು ಕದಲುವಂತಿರಲಿಲ್ಲ. ಅದರಿಂದ ಒಳಗೆ ಉಳಿದವರಿಗೆ ಜಾಗ ಸಿಗುತ್ತಿತ್ತು. ಕಾಸಲ್ ಎದುರಾಳಿಯ ಅತ್ಯುತ್ತಮ ಗಾರ್ಡ್‌ಗೆ ಅಂಟಿಕೊಳ್ಳುತ್ತಿದ್ದವರು. ಕ್ಲಿಂಗನ್ 7 ಅಡಿ 2 ಇಂಚು. ಅವರು ಬುಟ್ಟಿಯ ಕೆಳಗಿದ್ದಾರೆ ಎಂಬ ಧೈರ್ಯದಲ್ಲೇ ಉಳಿದ ನಾಲ್ವರು ಹೊರಗೆ ಒತ್ತಡ ಹಾಕುತ್ತಿದ್ದರು.

ಈಗ ನಿಮ್ಮ ಬಳಿ ನಾಲ್ಕು ಹೆಸರಿನ ಬದಲು ಐದು ಖಾಲಿ ಕೆಲಸಗಳಿವೆ: ಚೆಂಡು ನಡೆಸುವುದು, ಗಾರ್ಡ್ ಸ್ಥಾನದಿಂದ ರೀಬೌಂಡ್, ಹೊರಗಿನ ನಂಬಿಕಸ್ತ ಹೊಡೆತ, ಗಾರ್ಡ್‌ಗಳನ್ನು ತಡೆಯುವುದು, ಬುಟ್ಟಿ ಕಾಯುವುದು. ಮುಂದಿನ ಎಲ್ಲ ಹಂತವೂ ಈ ಐದಕ್ಕೆ ಉತ್ತರ ಹುಡುಕುವುದೇ.

ಹಂತ 3: ಉಳಿದವರನ್ನು ಸರಿಯಾಗಿ ಓದಿ

ಉಳಿದವರ ಬಗ್ಗೆ ಎರಡೂ ದಿಕ್ಕಿನಲ್ಲಿ ತಪ್ಪಾಗುತ್ತದೆ. ತಾರೆ ಇನ್ನೂ ಬೆಳೆಯುತ್ತಾನೆ ಎಂದುಕೊಳ್ಳುತ್ತಾರೆ, ಬೆಂಚಿನ ಹುಡುಗ ಬೆಂಚಿನಲ್ಲೇ ಇರುತ್ತಾನೆ ಎಂದುಕೊಳ್ಳುತ್ತಾರೆ. ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಹೋಗುವವರನ್ನು ವಿಶೇಷವಾಗಿ ಗಮನಿಸಿ, ದೊಡ್ಡ ಜಿಗಿತ ಕಾಣಿಸುವುದು ಹೆಚ್ಚಾಗಿ ಅಲ್ಲೇ.

ಸಾಲೊಮನ್ ಬಾಲ್ ಮೊದಲ ವರ್ಷ ಯೂಕಾನ್ ಪರ ಪಂದ್ಯಕ್ಕೆ ಮೂರು ಚಿಲ್ಲರೆ ಅಂಕ ಗಳಿಸಿದ್ದ ಬೆಂಚ್ ಆಟಗಾರ. ಎರಡನೇ ವರ್ಷ 14.4. ಇದನ್ನು ಯಾರಾದರೂ ಕರಾರುವಾಕ್ಕಾಗಿ ಊಹಿಸಬಹುದಿತ್ತು ಎಂದು ಹೇಳುತ್ತಿಲ್ಲ. ಆದರೆ ಮೂರು ಗಾರ್ಡ್‌ಗಳು ಖಾಲಿ ಮಾಡಿದ ತಂಡದಲ್ಲಿ, ಕೋಚ್‌ನ ವ್ಯವಸ್ಥೆ ಗೊತ್ತಿರುವ, ಚೆನ್ನಾಗಿ ಹೊಡೆಯಬಲ್ಲ ಗಾರ್ಡ್ ಒಬ್ಬ ಉಳಿದಿದ್ದಾನೆ ಎಂದರೆ ಅವನ ನಿಮಿಷ ದುಪ್ಪಟ್ಟಾಗುವುದಂತೂ ಖಚಿತ. ಹಸನ್ ಡಿಯಾರಾ ಕೂಡ ಅಷ್ಟೇ. ಬೆಂಚಿನಿಂದ ಬರುತ್ತಿದ್ದವರು ಪೂರ್ಣಾವಧಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ನಡೆಸುವ ಮುಖ್ಯ ಗಾರ್ಡ್ ಆದರು.

ಕಡಿಮೆ ನಿಮಿಷ ಆಡಿದವರ ಅಂಕಿಗಳನ್ನು 40 ನಿಮಿಷಕ್ಕೆ ಹಿಗ್ಗಿಸಿ ನೋಡಿ, ಆದರೆ ಆ ನಿಮಿಷಗಳು ಯಾವಾಗಿನವು ಎಂದೂ ನೋಡಿ. ಪಂದ್ಯ 30 ಅಂಕದ ಅಂತರದಲ್ಲಿ ಗೆದ್ದಾಗಿದ್ದ ಮೇಲೆ ಕೊನೆಯ ಆರು ನಿಮಿಷದಲ್ಲಿ ಗಳಿಸಿದ್ದಕ್ಕೆ ಬೆಲೆ ಕಡಿಮೆ. ಬಾಕ್ಸ್ ಸ್ಕೋರ್ (ಪಂದ್ಯದ ಆಟಗಾರವಾರು ಅಂಕಿಪಟ್ಟಿ) ತೆರೆದು ಕಾನ್ಫರೆನ್ಸ್ ಪಂದ್ಯಗಳನ್ನಷ್ಟೇ, ಅಂದರೆ ತಂಡ ಸೇರಿರುವ ಗುಂಪಿನೊಳಗಿನ ಪಂದ್ಯಗಳನ್ನಷ್ಟೇ ಓದಿದರೆ ಸಾಕು.

ಹಂತ 4: ಬಂದವರನ್ನು ಅನುಮಾನದಿಂದ ನೋಡಿ

ಟ್ರಾನ್ಸ್‌ಫರ್‌ಗಳಲ್ಲಿ ಒಂದು ವರ್ಷ ಹೊರಗೆ ಕೂರಬೇಕಿದ್ದ ನಿಯಮ 2021ರಲ್ಲಿ ಸಡಿಲವಾಯಿತು. 2024ರಿಂದ, ಓದಿನ ಅರ್ಹತೆ ಇದ್ದರೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹಾಗಾಗಿ ತಂಡದ ಅರ್ಧಕ್ಕರ್ಧ ಹೊಸದಾಗಿರುವುದು ಈಗ ಮಾಮೂಲು. ಹೆಚ್ಚಿನ ಮುನ್ನೋಟಗಳು ಬೀಳುವುದು ಇಲ್ಲೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲನೆಯದು ಆಟದ ವೇಗ. ಒಂದು ತಂಡ ಪಂದ್ಯಕ್ಕೆ 62 ಸಲ ಚೆಂಡು ಹಿಡಿದು ಆಡಿದರೆ ಇನ್ನೊಂದು 75 ಸಲ ಆಡುತ್ತದೆ. ಎರಡನೇ ತಂಡದವನ 15 ಅಂಕ ಮೊದಲನೆಯ ತಂಡದಲ್ಲಿ 12 ಚಿಲ್ಲರೆಗೆ ಇಳಿಯುತ್ತದೆ. ಈ ಸರದಿ ಅಥವಾ ಪೊಸೆಷನ್ ಲೆಕ್ಕ ಹಾಕುವುದು ಸುಲಭ. ಹೊಡೆತಗಳ ಯತ್ನದಿಂದ ದಾಳಿಯ ರೀಬೌಂಡ್ ಕಳೆಯಿರಿ, ಟರ್ನೋವರ್ ಕೂಡಿಸಿ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಹೊಡೆತ) ಯತ್ನವನ್ನು 0.475ರಿಂದ ಗುಣಿಸಿ ಕೂಡಿಸಿ. 58 ಯತ್ನ, 10 ದಾಳಿಯ ರೀಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 69.5 ಪೊಸೆಷನ್.

ಎರಡನೆಯದು ನಿಖರತೆ. ಮಾಮೂಲಿ ಶೇಕಡಾವಾರು ಮೂರು ಅಂಕದ ಹೊಡೆತಕ್ಕೆ ಅನ್ಯಾಯ ಮಾಡುತ್ತದೆ. 12 ಯತ್ನದಲ್ಲಿ ಎರಡು ಅಂಕದ ಆರು ಬುಟ್ಟಿ ಹಾಕಿದವನದು ಶೇ 50. ಹನ್ನೆರಡನ್ನೂ ಗೆರೆಯಾಚೆಯಿಂದ ಹೊಡೆದು ನಾಲ್ಕು ಬುಟ್ಟಿ ಹಾಕಿದವನದು ಶೇ 33. ಇಬ್ಬರೂ ಗಳಿಸಿದ್ದು 12 ಅಂಕವೇ. ಮೂರು ಅಂಕದ ಪ್ರತಿ ಬುಟ್ಟಿಗೆ ಅರ್ಧ ಬುಟ್ಟಿ ಹೆಚ್ಚುವರಿ ಸೇರಿಸಿ ಭಾಗಿಸಿದರೆ ಇಬ್ಬರದೂ 50 ಬರುತ್ತದೆ. ಅದನ್ನೇ ಪರಿಣಾಮಕಾರಿ ಶೇಕಡಾವಾರು ಎನ್ನುವುದು. ಕಾಲಂನಲ್ಲಿ ಇದನ್ನೇ ಹಾಕಿ.

ಮೂರನೆಯದು ಎದುರಾಳಿ. ಸಣ್ಣ ಕಾನ್ಫರೆನ್ಸ್‌ನಿಂದ ದೊಡ್ಡದಕ್ಕೆ ಬರುವವನ ಋತುವನ್ನು ಪೂರ್ತಿ ನೋಡಬೇಡಿ. ಟಾರ್ವಿಕ್‌ನಲ್ಲಿ ಅಗ್ರ 100 ತಂಡಗಳ ವಿರುದ್ಧ ಆಡಿದ್ದನ್ನಷ್ಟೇ ಸೋಸಿ. ಐದಾರು ಪಂದ್ಯ ಸಿಕ್ಕಿದರೂ ಸಾಕು. ಅಲ್ಲಿ ಟರ್ನೋವರ್ ಏರಿ ನಿಖರತೆ ಇಳಿದಿದ್ದರೆ ಮುಂದೆ ಪ್ರತಿ ರಾತ್ರಿಯೂ ಅದೇ ಕಾದಿದೆ.

ಯೂಕಾನ್‌ಗೆ ಸೇಂಟ್ ಮೇರೀಸ್‌ನಿಂದ ಬಂದ ಏಡನ್ ಮಹೇನಿ ಅಂದು ಎಲ್ಲರ ಬಾಯಲ್ಲಿದ್ದರು. ಎರಡು ಋತುವಿನಲ್ಲೂ 13.9 ಅಂಕದ ಸರಾಸರಿ. ನ್ಯೂಟನ್ ಜಾಗಕ್ಕೆ ಸಿಕ್ಕರು ಎಂದು ಬರೆದವರು ಬಹಳ. ಆದರೆ ಎರಡನೇ ವರ್ಷ ಅವರ ಮೂರು ಅಂಕದ ಹೊಡೆತದ ನಿಖರತೆ ಮೊದಲ ವರ್ಷಕ್ಕಿಂತ ಇಳಿದಿತ್ತು, ಅಂಕದ ಸರಾಸರಿ ಮಾತ್ರ ಕದಲಿರಲಿಲ್ಲ. ಅಂಕ ನಿಂತಲ್ಲೇ ನಿಂತು ನಿಖರತೆ ಇಳಿದರೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ. ಖಾಲಿ ಕೆಲಸಗಳ ಪಟ್ಟಿಗೆ ಹೊಂದಿಸಿ ನೋಡಿದರೂ, ಚೆಂಡು ನಡೆಸುವುದು ಮತ್ತು ಗಾರ್ಡ್‌ಗಳನ್ನು ತಡೆಯುವುದು ಅವರ ಹೆಸರುವಾಸಿ ಗುಣಗಳಾಗಿರಲಿಲ್ಲ. ಯೂಕಾನ್‌ನಲ್ಲಿ ಅವರ ಸರಾಸರಿ 4.5ಕ್ಕೆ ನಿಂತಿತು. ಅದೇ ಬೇಸಿಗೆಯಲ್ಲಿ ಮಿಷಿಗನ್‌ನಿಂದ ಬಂದ ಟ್ಯಾರಿಸ್ ರೀಡ್ ಬಗ್ಗೆ ಗದ್ದಲ ಕಡಿಮೆಯಿತ್ತು. ರೀಬೌಂಡ್ ಹಿಡಿಯುವ ದೊಡ್ಡ ಆಳು, ಬೇಕಾಗಿದ್ದ ಕೆಲಸಕ್ಕೆ ಸರಿಯಾಗಿ ಕೂತರು.

ಹೈಸ್ಕೂಲ್‌ನಿಂದ ಬರುವವರಿಗೆ ಅಂಕಿಗಳೇ ಇರುವುದಿಲ್ಲ, ಶ್ರೇಯಾಂಕ ಮಾತ್ರ. ದೇಶದ ಮೊದಲ ಹತ್ತು ಹದಿನೈದರಲ್ಲಿರುವವನು ಮೊದಲ ದಿನದಿಂದ ಆಡುತ್ತಾನೆ ಎಂದು ಬರೆಯಬಹುದು. ಲಿಯಾಮ್ ಮ್ಯಾಕ್‌ನೀಲಿ ಹಾಗೆಯೇ ಬಂದು 14.5 ಅಂಕದ ಸರಾಸರಿ ಕೊಟ್ಟರು. ಎಪ್ಪತ್ತು ಎಂಬತ್ತನೇ ಶ್ರೇಯಾಂಕದವನಿಗೆ ಈಗಿನ ಕಾಲದಲ್ಲಿ ನಿಮಿಷ ಸಿಗುವುದು ಕಷ್ಟ, ಕೋಚ್‌ಗಳು ಆ ಜಾಗಕ್ಕೆ ಇಪ್ಪತ್ತೆರಡು ವರ್ಷದ ಟ್ರಾನ್ಸ್‌ಫರ್‌ನನ್ನೇ ತರುತ್ತಾರೆ.

ಹೊರದೇಶದ ಆಟಗಾರರಿದ್ದರೆ ಎರಡು ವಿಷಯ ನೋಡಿ. ಎನ್‌ಸಿಎಎ ಅರ್ಹತೆಯ ಒಪ್ಪಿಗೆ ಬಂದಿದೆಯೇ, ವೀಸಾ ಆಗಿದೆಯೇ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ದುಡಿಯಲು ಇರುವ ಕಟ್ಟುಪಾಡು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೆಸರು ಮತ್ತು ಮುಖದ ಮೇಲೆ ಹಣ ಗಳಿಸಲು ಕಾಲೇಜು ಆಟಗಾರರಿಗೆ 2021ರಿಂದ ಸಿಕ್ಕಿರುವ ಅವಕಾಶ ಇವರಿಗೆ ಸಲೀಸಾಗಿ ದಕ್ಕದಿರುವುದಕ್ಕೆ ಕಾರಣವೂ ಅದೇ.

ಹಂತ 5: 200 ನಿಮಿಷ ಹಂಚಿ

ಈ ಒಂದು ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಪಂದ್ಯ 40 ನಿಮಿಷ, ಅಂಗಳದಲ್ಲಿ ಐವರು, ಒಟ್ಟು 200. ಪುರುಷರಲ್ಲಿ 20 ನಿಮಿಷದ ಎರಡು ಅರ್ಧ, ಮಹಿಳೆಯರಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್. ಮೊತ್ತ ಎರಡರಲ್ಲೂ ಅಷ್ಟೇ.

ಸ್ಥಾನಗಳಿಂದ ಶುರು ಮಾಡಿ. ಯೂಕಾನ್‌ನ ಅಕ್ಟೋಬರ್ 2024ರ ಪಟ್ಟಿಯನ್ನು ಮುಂದಿಟ್ಟುಕೊಂಡು ನಾನು ಹಂಚುವುದಾದರೆ ಹೀಗೆ: ಸೆಂಟರ್ (ಬುಟ್ಟಿಯ ಹತ್ತಿರದ ಎತ್ತರದ ಆಟಗಾರ) ಸ್ಥಾನದ 40ರಲ್ಲಿ ಸ್ಯಾಮ್ಸನ್ ಜಾನ್ಸನ್‌ಗೆ 19, ರೀಡ್‌ಗೆ 21. ಎರಡು ಫಾರ್ವರ್ಡ್ ಸ್ಥಾನಗಳ 80ರಲ್ಲಿ ಕರಬನ್‌ಗೆ 33, ಮ್ಯಾಕ್‌ನೀಲಿಗೆ 30, ಜೇಲಿನ್ ಸ್ಟೀವರ್ಟ್‌ಗೆ 17. ಉಳಿದದ್ದು ಗಾರ್ಡ್‌ಗಳ 80. ಡಿಯಾರಾಗೆ 30, ಬಾಲ್‌ಗೆ 26, ಮಹೇನಿಗೆ 24. ಮುಗಿಯಿತು. ಜೇಡನ್ ರಾಸ್‌ಗೆ ಒಂದು ನಿಮಿಷವೂ ಉಳಿಯಲಿಲ್ಲ, ಹೊಸ ಗಾರ್ಡ್‌ಗಳಿಗೂ ಇಲ್ಲ.

ಈಗ ಮಹೇನಿ 32 ನಿಮಿಷದ ಆರಂಭಿಕ ಆಟಗಾರ ಎಂದು ಬರೆಯಬೇಕೆನಿಸಿದರೆ, ಆ 8 ನಿಮಿಷ ಯಾರಿಂದ ಕಸಿಯುತ್ತೀರಿ? ಡಿಯಾರಾನಿಂದಲೇ? ಹಾಗಿದ್ದರೆ ಚೆಂಡು ನಡೆಸುವವರು ಯಾರು? ಬಾಲ್‌ನಿಂದಲೇ? ಹಾಗಿದ್ದರೆ ಹೊರಗಿನ ಹೊಡೆತ? ಮುನ್ನೋಟದ ಓದುಗನಿಗೆ ಬೇಕಾಗಿರುವುದು ಈ ಪ್ರಶ್ನೆಗಳೇ. ಹೊಗಳಿಕೆಯ ಸಾಲುಗಳ ಹಿಂದೆ ಇವು ಅವಿತುಕೊಳ್ಳುತ್ತವೆ, ಮೊತ್ತ 200 ದಾಟಿದ ಕ್ಷಣ ಹೊರಗೆ ಬರುತ್ತವೆ.

ಹಂಚುವಾಗ ಮೂರು ಕಟ್ಟಳೆ. ಯಾರಿಗೂ 35ಕ್ಕಿಂತ ಹೆಚ್ಚು ಕೊಡಬೇಡಿ, ಕೆಲವರು ಆಡುತ್ತಾರೆ ನಿಜ, ಋತುವಿಡೀ ನಿಭಾಯಿಸುವವರು ಕಡಿಮೆ. 5ಕ್ಕಿಂತ ಕಡಿಮೆ ಬಂದವನನ್ನು ಸೊನ್ನೆ ಮಾಡಿ. ಒಂಬತ್ತು ಜನರಿಗಿಂತ ಹೆಚ್ಚು ಮಂದಿಗೆ ಹಂಚಬೇಡಿ. ‘ನಮ್ಮಲ್ಲಿ ಹನ್ನೊಂದು ಜನ ಆಡಬಲ್ಲವರಿದ್ದಾರೆ’ ಎಂದು ಅಕ್ಟೋಬರ್‌ನಲ್ಲಿ ಹೇಳದ ಕೋಚ್ ಇಲ್ಲ. ಜನವರಿಯಲ್ಲಿ ಬಾಕ್ಸ್ ಸ್ಕೋರ್ ನೋಡಿ, ಎಂಟು ಜನ.

ಪಟ್ಟಿ ಉದ್ದವಾಗಿದೆ ಎಂದು ಮೋಸ ಹೋಗಬೇಡಿ. ಪುರುಷರ ತಂಡಗಳಿಗೆ 13 ವಿದ್ಯಾರ್ಥಿವೇತನದ ಮಿತಿ ಇತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಎಂಬ ಮೊಕದ್ದಮೆಯ ರಾಜಿ ಒಪ್ಪಂದದ ಬಳಿಕ, ಅದಕ್ಕೆ ಸೇರಿದ ಯೂನಿವರ್ಸಿಟಿಗಳಿಗೆ 15 ಆಟಗಾರರ ಮಿತಿ ಬಂದಿದೆ. ಹದಿಮೂರೋ ಹದಿನೈದೋ, ನಿಮಿಷಗಳು 200ರಲ್ಲೇ ಇವೆ.

ಹಂತ 6: ಚೆಂಡು ಯಾರ ಕೈಯಲ್ಲಿ?

ಯೂಸೇಜ್ ಎಂದರೆ ಆಟಗಾರ ಅಂಗಳದಲ್ಲಿದ್ದಾಗ ತಂಡದ ಪೊಸೆಷನ್‌ಗಳಲ್ಲಿ ಎಷ್ಟು ಪಾಲು ಅವನ ಹೊಡೆತ, ಫ್ರೀ ಥ್ರೋ ಅಥವಾ ಟರ್ನೋವರ್‌ನಲ್ಲಿ ಕೊನೆಯಾಗುತ್ತದೆ ಎಂಬ ಲೆಕ್ಕ. ಐವರದು ಸೇರಿ 100 ಆಗಬೇಕು, ಸರಾಸರಿ 20.

ಆರಂಭಿಕ ಐವರ ಹಳೆಯ ಯೂಸೇಜ್ ಕೂಡಿಸಿ. ಬೇರೆ ಬೇರೆ ತಂಡಗಳಲ್ಲಿ ಮುಖ್ಯಸ್ಥರಾಗಿದ್ದ ಮೂವರನ್ನು ಒಟ್ಟುಗೂಡಿಸಿದ್ದರೆ 28, 27, 25 ಎಂದು ಮೂವರದೇ 80 ಆಗುತ್ತದೆ, ಉಳಿದಿಬ್ಬರಿಗೆ ತಲಾ 10. ಅದು ನಡೆಯದು, ಯಾರೋ ಇಬ್ಬರು ಇಳಿಸಿಕೊಳ್ಳಲೇಬೇಕು. ಯಾರು ಚೆಂಡಿಲ್ಲದೆಯೂ ಉಪಯೋಗಕ್ಕೆ ಬರುತ್ತಾರೆ ಎಂದು ನೋಡಿ. ದೂರದಿಂದ ಹೊಡೆಯಬಲ್ಲವನು, ರಕ್ಷಣೆ ಮಾಡುವವನು ಬದುಕುತ್ತಾನೆ. ಚೆಂಡು ಕೈಯಲ್ಲಿದ್ದರೆ ಮಾತ್ರ ಆಡಬಲ್ಲವನು ಬೆಂಚಿಗೆ ಹೋಗುತ್ತಾನೆ.

ತಿರುವುಮುರುವು ಕೂಡ ಉಂಟು. ಹಿಂದೆ 16 ಇದ್ದವರೇ ತುಂಬಿದ್ದರೆ ಯಾರಾದರೂ 24ಕ್ಕೆ ಏರಬೇಕು, ಏರಿದಾಗ ನಿಖರತೆ ಸಾಮಾನ್ಯವಾಗಿ ಇಳಿಯುತ್ತದೆ. ಕರಬನ್ ನಾಲ್ವರು ಬಲಶಾಲಿಗಳ ನಡುವೆ ತೆರೆದ ಹೊಡೆತಗಳನ್ನು ಆರಾಮಾಗಿ ಹೊಡೆಯುತ್ತಿದ್ದರು. ಮುಂದಿನ ವರ್ಷ ಎದುರಾಳಿಯ ಯೋಜನೆಯಲ್ಲಿ ಮೊದಲ ಹೆಸರು ಅವರದೇ ಆಯಿತು. ಸರಾಸರಿ ಅಂಕ 13.3ರಿಂದ 14.3ಕ್ಕೆ ಏರಿತು, ಅಷ್ಟೇ.

‘ಅವನು ಪಾಯಿಂಟ್ ಗಾರ್ಡ್ ಆಗಿಯೂ ಆಡಬಲ್ಲ’ ಎಂಬ ಮಾತು ಕೋಚ್ ಬಾಯಿಂದ ಪದೇ ಪದೇ ಬರುತ್ತಿದ್ದರೆ, ಆ ತಂಡದಲ್ಲಿ ಪಾಯಿಂಟ್ ಗಾರ್ಡ್ ಇಲ್ಲ ಎಂದು ಬರೆದುಕೊಳ್ಳಿ.

ಹಂತ 7: ರಕ್ಷಣೆ ಮತ್ತು ಫೌಲ್

ಮುನ್ನೋಟಗಳಲ್ಲಿ ರಕ್ಷಣೆಗೆ ಸಿಗುವುದು ಒಂದು ಸಾಲು. ಬಾಕ್ಸ್ ಸ್ಕೋರ್‌ನಲ್ಲಿ ರಕ್ಷಣೆ ಕಾಣಿಸುವುದೂ ಕಡಿಮೆಯೇ. ಆದರೆ ಫೌಲ್ ಕಾಣಿಸುತ್ತದೆ, ಅದನ್ನಾದರೂ ಲೆಕ್ಕ ಹಾಕಿ.

ಹಿಂದಿನ ವರ್ಷ 18 ನಿಮಿಷಕ್ಕೆ 3 ಫೌಲ್ ಮಾಡುತ್ತಿದ್ದ ಎತ್ತರದ ಆಟಗಾರನೊಬ್ಬನಿದ್ದಾನೆ ಎಂದುಕೊಳ್ಳಿ. ಐದನೇ ಫೌಲ್‌ಗೆ ಆಟದಿಂದ ಹೊರಗೆ. ಅದೇ ಗತಿಯಲ್ಲಿ ಅವನು 30 ನಿಮಿಷಕ್ಕೆ ಹೊರಬೀಳುತ್ತಾನೆ. ವಾಸ್ತವದಲ್ಲಿ ಅಷ್ಟೂ ಸಿಗುವುದಿಲ್ಲ, ಮೊದಲಾರ್ಧದಲ್ಲಿ ಎರಡು ಫೌಲ್ ಆದ ಕೂಡಲೇ ಹೆಚ್ಚಿನ ಕೋಚ್‌ಗಳು ಕೂರಿಸುತ್ತಾರೆ. ಅಂಥವನಿಗೆ 22ಕ್ಕಿಂತ ಹೆಚ್ಚು ನಿಮಿಷ ಬರೆಯಬೇಡಿ. ಅವನ ಹಿಂದೆ ನಂಬಿಕೆಯ ಎರಡನೇ ದೊಡ್ಡ ಆಳು ಇಲ್ಲದಿದ್ದರೆ ಅದೇ ನಿಮ್ಮ ಬರಹದ ಮುಖ್ಯ ವಿಷಯವಾಗಲಿ.

ಕ್ಲಿಂಗನ್ ಹೋದ ಮೇಲೆ ಯೂಕಾನ್‌ಗೆ ಆದದ್ದು ಇದೇ. ಬುಟ್ಟಿ ಕಾಯುವ ಭರವಸೆ ಇಲ್ಲದೆ ಹೊರಗಿನ ಒತ್ತಡ ಫೌಲ್‌ಗೆ ತಿರುಗಿತು. ನವೆಂಬರ್ 25ರಿಂದ 27ರವರೆಗೆ ಹವಾಯಿಯ ಮಾವಿ ಟೂರ್ನಿಯಲ್ಲಿ ಮೂರು ದಿನ, ಮೂರು ಸೋಲು: ಮೆಂಫಿಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 97-99, ಕೊಲರಾಡೊ ವಿರುದ್ಧ 72-73, ಡೇಟನ್ ವಿರುದ್ಧ 67-85. ಮೊದಲೆರಡು ಸೋಲು ಕೂದಲೆಳೆಯ ಅಂತರದವು ಎಂದು ಸಮಾಧಾನ ಹೇಳಿದವರಿದ್ದರು. 40 ನಿಮಿಷ ಮತ್ತು ಒಂದು ಹೆಚ್ಚುವರಿ ಅವಧಿಯಲ್ಲಿ 99 ಅಂಕ ಬಿಟ್ಟುಕೊಟ್ಟ ರಕ್ಷಣೆಗೆ ಸಮಾಧಾನ ಏನು?

ಎತ್ತರದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಪಟ್ಟಿಯಲ್ಲಿ ಬರುವ ಎತ್ತರ ಬಹಳ ಕಡೆ ಬೂಟಿನ ಸಮೇತದ್ದು, ಕೆಲವೆಡೆ ಅಭಿಮಾನದ ಸಮೇತದ್ದು.

ಹಂತ 8: ಗಾಯ, ಅರ್ಹತೆ, ಉಳಿದ ವರ್ಷ

ಕಳೆದ ಋತುವಿನ ಒಟ್ಟು ಪಂದ್ಯಗಳಿಗೂ ಅವನು ಆಡಿದ ಪಂದ್ಯಗಳಿಗೂ ನಡುವಿನ ಅಂತರ ನೋಡಿ. ದೊಡ್ಡ ಅಂತರವಿದ್ದರೆ ಕಾರಣ ಹುಡುಕಿ. ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆ ಆಗಿದ್ದರೆ ಮರಳಲು ಹೆಚ್ಚುಕಡಿಮೆ ಒಂದು ವರ್ಷ ಎಂದಿಟ್ಟುಕೊಳ್ಳಿ, ಮರಳಿದ ಮೇಲೂ ಮೊದಲ ತಿಂಗಳು ಹಳೆಯ ಆಟ ನಿರೀಕ್ಷಿಸಬೇಡಿ. ಗಾಯದ ವಿವರವನ್ನು ತಂಡವೇ ಬಹಿರಂಗಪಡಿಸಿದ್ದರೆ ಮಾತ್ರ ಬರೆಯಿರಿ. ಇವರು ಓದುತ್ತಿರುವ ಹುಡುಗರು, ಊಹಾಪೋಹ ಸಲ್ಲದು.

ಅರ್ಹತೆಯ ಲೆಕ್ಕ ಈಚೆಗೆ ಗೋಜಲಾಗಿದೆ. ಐದು ವರ್ಷದೊಳಗೆ ನಾಲ್ಕು ಋತು ಎಂಬುದು ಬಹುಕಾಲದ ನಿಯಮ. ಕೋವಿಡ್ ಕಾಲದ 2020-21ರ ಋತು ಲೆಕ್ಕಕ್ಕೆ ಸೇರಲಿಲ್ಲ. ಎರಡು ವರ್ಷದ ಕಾಲೇಜುಗಳಿಂದ ಬಂದವರ ಬಗ್ಗೆ ನ್ಯಾಯಾಲಯಗಳಲ್ಲಿ ದಾವೆಗಳಾಗಿವೆ. ಆದ್ದರಿಂದ ‘ಇದು ಇವರ ಕೊನೆಯ ವರ್ಷ’ ಎಂದು ನೀವೇ ತೀರ್ಮಾನಿಸುವ ಬದಲು ಅಧಿಕೃತ ಪಟ್ಟಿಯಲ್ಲಿರುವುದನ್ನು ಬಳಸಿ.

ಹಂತ 9: ಅಕ್ಟೋಬರ್‌ನ ಸುಳಿವುಗಳನ್ನು ಸೋಸಿ

ಅಧಿಕೃತ ಅಭ್ಯಾಸ ಶುರುವಾದ ಮೇಲೆ ಮಾತುಗಳ ಮಳೆ. ನಂಬಬಹುದಾದವು ಕೆಲವೇ. ಪ್ರದರ್ಶನ ಪಂದ್ಯದ ಬಾಕ್ಸ್ ಸ್ಕೋರ್‌ನಲ್ಲಿ ಅಂಕ ಬಿಟ್ಟು ನಿಮಿಷ ನೋಡಿ, ಮೊದಲು ಬದಲಿಯಾಗಿ ಇಳಿದವನು ಯಾರು ಎಂದು ನೋಡಿ. ಆರೋಗ್ಯವಾಗಿದ್ದೂ 8 ನಿಮಿಷ ಮಾತ್ರ ಆಡಿದ ದೊಡ್ಡ ಹೆಸರು ಕಂಡರೆ ನಿಮ್ಮ ಹಂಚಿಕೆ ತಿದ್ದಿ.

ಬೇಸಿಗೆಯ ವಿದೇಶ ಪ್ರವಾಸದ ಅಂಕಿಗಳಿಗೆ ಬೆಲೆ ಕೊಡಬೇಡಿ. ತಂಡಗಳು ನಾಲ್ಕು ವರ್ಷಕ್ಕೊಮ್ಮೆ ಹೋಗಬಹುದು, ಹೋದಾಗ ಹೆಚ್ಚುವರಿ ಅಭ್ಯಾಸ ಸಿಗುತ್ತದೆ. ನಿಜವಾದ ಲಾಭ ಆ ಅಭ್ಯಾಸವೇ, ಅಲ್ಲಿನ ಕ್ಲಬ್‌ಗಳ ವಿರುದ್ಧದ 40 ಅಂಕದ ಗೆಲುವುಗಳಲ್ಲ. ‘ಅವನ ಹೊಡೆತ ತುಂಬ ಸುಧಾರಿಸಿದೆ’ ಎಂಬ ಸುದ್ದಿ ಬಂದರೆ ಅವನ ಹಿಂದಿನ ಫ್ರೀ ಥ್ರೋ ಶೇಕಡಾವಾರು ತೆಗೆದು ನೋಡಿ. ಶೇ 60ರಲ್ಲಿದ್ದರೆ ಸುದ್ದಿಯನ್ನು ಪಕ್ಕಕ್ಕಿಡಿ, 80ರ ಮೇಲಿದ್ದರೆ ನಂಬಲು ಆಧಾರವಿದೆ. ಇಡೀ ಋತುವಿನಲ್ಲಿ 33 ಯತ್ನದಲ್ಲಿ 15 ಹೊಡೆದವನನ್ನು ‘ಶೇ 45ರ ಶೂಟರ್’ ಎಂದು ಕರೆಯುವುದೂ ಇದೇ ಜಾತಿಯ ತಪ್ಪು.

ಹಂತ 10: ಈಗ ಬರೆಯಿರಿ

ಮೊದಲ ಪ್ಯಾರಾದಲ್ಲಿ ತಂಡದ ಮುಂದಿರುವ ಒಂದು ಪ್ರಶ್ನೆ ಇಡಿ. ಯೂಕಾನ್‌ಗಾದರೆ: ಮೂವರು ಗಾರ್ಡ್‌ಗಳ ಜೊತೆ ಹೋದ ಸುಮಾರು 13 ಅಸಿಸ್ಟ್ ಈಗ ಯಾರಿಂದ ಬರುತ್ತವೆ? ನಂತರ ಖಾಲಿಯಾದ ಕೆಲಸಗಳು, ಆಮೇಲೆ ಯಾರು ಯಾವ ಕೆಲಸಕ್ಕೆ ಎಂಬ ವಿಂಗಡಣೆ, ಜೊತೆಗೆ ನಿಮಿಷಗಳ ಪಟ್ಟಿ. ಆಟಗಾರರನ್ನು ಅಂಗಿಯ ನಂಬರಿನ ಕ್ರಮದಲ್ಲಿ ಪರಿಚಯಿಸಬೇಡಿ, ಆ ಪಟ್ಟಿ ತಂಡದ ತಾಣದಲ್ಲೇ ಇದೆ. ಆಡದವರ ಬಗ್ಗೆ ಪ್ಯಾರಾ ಬೇಡ.

ವೇಳಾಪಟ್ಟಿಯನ್ನು ಪೂರ್ತಿ ಒಪ್ಪಿಸಬೇಕಾಗಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಎರಡು ಮೂರು ಪಂದ್ಯಗಳನ್ನು ಮಾತ್ರ ಹೆಸರಿಸಿ. ಸತತ ಮೂರು ದಿನ ಆಡುವ ಟೂರ್ನಿ ಇದ್ದರೆ ಅದನ್ನು ತಪ್ಪದೆ ಸೇರಿಸಿ, ಬೆಂಚಿನ ಆಳ ಗೊತ್ತಾಗುವುದು ಅಲ್ಲಿ.

ಊಹೆಯನ್ನು ಸ್ಪಷ್ಟವಾಗಿ ಬರೆಯಿರಿ. ‘ಎಲ್ಲವೂ ಕೂಡಿಬಂದರೆ ದೂರ ಹೋಗಬಹುದು’ ಎಂಬ ವಾಕ್ಯ ದೇಶದ 350ಕ್ಕೂ ಹೆಚ್ಚು ಡಿವಿಷನ್ ಒಂದರ (ಅತಿ ಮೇಲಿನ ಹಂತದ) ತಂಡಗಳಿಗೂ ಹೊಂದುತ್ತದೆ. ‘ಕಾನ್ಫರೆನ್ಸ್‌ನಲ್ಲಿ ಮೂರನೆಯ ಸ್ಥಾನ, ರಕ್ಷಣೆ ಸುಧಾರಿಸದಿದ್ದರೆ ಐದು’ ಎಂದರೆ ತಪ್ಪಾಗಬಹುದು, ಆದರೆ ಅದು ಮುನ್ನೋಟ. ಯೂಕಾನ್ ಆ ವರ್ಷ 24 ಗೆದ್ದು 11 ಸೋತಿತು, ಎನ್‌ಸಿಎಎ ಟೂರ್ನಿಗೆ 8ನೇ ಶ್ರೇಯಾಂಕದೊಂದಿಗೆ ಹೋಗಿ ಎರಡನೇ ಸುತ್ತಿನಲ್ಲಿ ಫ್ಲೋರಿಡಾಗೆ 75-77ರಿಂದ ಸೋತಿತು. ಆ ಫ್ಲೋರಿಡಾವೇ ಪ್ರಶಸ್ತಿ ಗೆದ್ದಿತು ಎನ್ನುವುದು ಬೇರೆ ಮಾತು.

ಹಂತ 11: ಡಿಸೆಂಬರ್‌ನಲ್ಲಿ ತೆರೆದು ನೋಡಿ

ಎಂಟು ಹತ್ತು ಪಂದ್ಯ ಮುಗಿದ ಮೇಲೆ ಸ್ಪ್ರೆಡ್‌ಶೀಟ್‌ಗೆ ಒಂದು ಹೊಸ ಕಾಲಂ ಸೇರಿಸಿ: ನಿಜವಾಗಿ ಆಡಿದ ನಿಮಿಷ. ದುರ್ಬಲ ತಂಡಗಳ ವಿರುದ್ಧದ ಪಂದ್ಯಗಳನ್ನು ಬಿಟ್ಟು ಲೆಕ್ಕ ಹಾಕಿ. ನಿಮ್ಮ ಅಂದಾಜಿಗಿಂತ 8 ನಿಮಿಷಕ್ಕಿಂತ ಹೆಚ್ಚು ಆಚೀಚೆ ಆದವರ ಹೆಸರಿನ ಪಕ್ಕ ಕಾರಣ ಬರೆಯಿರಿ: ಗಾಯವೇ, ಫೌಲ್ ಆಯಿತೇ, ರಕ್ಷಣೆ ಸಾಲಲಿಲ್ಲವೇ, ಇನ್ನೊಬ್ಬ ನಿರೀಕ್ಷೆ ಮೀರಿದನೇ. ಗಾಯ ಬಿಟ್ಟರೆ ಉಳಿದ ಮೂರಕ್ಕೂ ಸುಳಿವು ಹಿಂದಿನ ಕಾಲಂಗಳಲ್ಲೇ ಎಲ್ಲೋ ಇರುತ್ತದೆ, ಹುಡುಕಿ ಗುರುತು ಹಾಕಿ. ಕಾನ್ಫರೆನ್ಸ್ ಪಂದ್ಯಗಳು ಜೋರಾಗುವ ಜನವರಿಗೆ ಮುಂಚೆ ಈ ತಿದ್ದುಪಡಿ ಮುಗಿಸಿ, ಹಾಳೆಯನ್ನು ಅಳಿಸದೆ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ‘ಹೋದವರು’ ಕಾಲಂ ತುಂಬಲು ಅದೇ ಬೇಕಾಗುತ್ತದೆ.